ಹಾಡು ಸಿಗದ ನಾಲ್ಕು ನಿಮಿಷ

(ಬದಿಯಡ್ಕದಲ್ಲಿ, ಡಿಜೆ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ನಡುನಡುವೆ ತುಳುವಿನಲ್ಲಿ, ಮಲಯಾಳದಲ್ಲಿ ಹೇಳಿದ್ದನ್ನೂ ಕನ್ನಡಕ್ಕೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಟಿ ತಿಂಗಳಲ್ಲಿ ಕರೆದದ್ದು ಒಳ್ಳೆಯದಾಯಿತು. ಹೊರಗೆ ಮಳೆ ಹೊಯ್ಯುತ್ತಾ ಉಂಟು. ಮದುವೆಗಳು ಕಡಿಮೆ. ಆಟ, ಕೋಲಗಳ ಕಾಲ ಮುಗಿಯುವ ಪತ್ತನಾಜೆಗೇ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ಆಗಿದೆ, ದೈವಗಳ ಕೋಲಗಳೂ ನಿಂತಿವೆ. ನಮ್ಮ ಬಾಕ್ಸುಗಳೆಲ್ಲ ಟಾರ್ಪಾಲ್ ಹೊದ್ದು ಮೂಲೆಯಲ್ಲಿ ಕೂತಿವೆ. ನಮಗೆ ಪುರುಸೊತ್ತು ಸಿಗುವುದು ಈಗ ಮಾತ್ರ. ನಾನು ಹೇಳಬೇಕು ಎಂದುಕೊಂಡು ಬಂದದ್ದು ಈ ಪುರುಸೊತ್ತಿನಲ್ಲಿ ಮಾಡುವ ಕೆಲಸದ ಬಗ್ಗೆಯೇ.

ಕೆಲವು ವರ್ಷದ ಹಿಂದಿನ ಮಾತು. ಪೆರ್ಲದ ಹತ್ತಿರ ಒಂದು ಮನೆಯಲ್ಲಿ ಮದರಂಗಿ. ಅಂಗಳಕ್ಕೆ ಚಪ್ಪರ ಹಾಕಿದ್ದರು, ಇನ್ನೂರು ಜನ ಇದ್ದಿರಬಹುದು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಮದುಮಗಳ ಅಜ್ಜಿ ನನ್ನ ಟೇಬಲ್ ಹತ್ತಿರ ಬಂದು ಒಂದು ಹಳೆಯ ತುಳು ಹಾಡು ಕೇಳಿದರು. ಹಾಡಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಒಂದು ಸಾಲು ಹಾಡಿ ತೋರಿಸಿದರು. ಆ ಹಾಡು ನನ್ನ ಹತ್ತಿರ ಇತ್ತು. ಇರುವುದು ನನಗೆ ಖಂಡಿತ ಗೊತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಸಿಗಲಿಲ್ಲ. ಸ್ಪೆಲ್ಲಿಂಗ್ ಬದಲಿಸಿ ಹುಡುಕಿದೆ. ಸಿಗಲಿಲ್ಲ. ನಾಲ್ಕು ನಿಮಿಷ ಹೋಯಿತು. ಅಷ್ಟರಲ್ಲಿ ಓಡುತ್ತಿದ್ದ ಹಾಡು ಮುಗಿದು, ಕೈಗೆ ಸಿಕ್ಕಿದ್ದೊಂದನ್ನು ಹಾಕಿದೆ. ಕುಣಿಯುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಕುರ್ಚಿಗೆ ಹೋದರು. ಅಜ್ಜಿ ಸ್ವಲ್ಪ ಹೊತ್ತು ನಿಂತು, ಪರವಾಗಿಲ್ಲ ಮಗಾ ಅಂದು ಒಳಗೆ ನಡೆದರು.

ಮರುದಿನ ಬೆಳಿಗ್ಗೆ ಹಾಡು ಸಿಕ್ಕಿತು. ಫೈಲಿನ ಹೆಸರು ‘ಟ್ರ್ಯಾಕ್ 07’.

ಆ ರಾತ್ರಿ ನನ್ನ ಮುಂದೆ ಇದ್ದ ಕಂಟ್ರೋಲರ್, ಅಂದರೆ ಹಾಡು ಬೆರೆಸುವ ಮೆಷಿನ್, ಹೊಸದು, ಸಾಲ ಮಾಡಿ ತೆಗೆದದ್ದು. ಆ ನಾಲ್ಕು ನಿಮಿಷದಲ್ಲಿ ಅದರಿಂದ ನನಗೆ ಒಂದು ಉಪಕಾರವೂ ಆಗಲಿಲ್ಲ. ಆದ್ದರಿಂದ ಮೆಷಿನ್ನಿನ ವಿಷಯ ಆಮೇಲೆ. ಮೊದಲು ಹಾಡುಗಳನ್ನು ಜೋಡಿಸುವುದರ ಬಗ್ಗೆ ಮಾತಾಡೋಣ.

ದೊಡ್ಡ ಊರಿನ ಕ್ಲಬ್ಬಿನ ಡಿಜೆಗೆ ಒಂದು ರಾತ್ರಿಗೆ ಒಂದೇ ಬಗೆಯ ಸಂಗೀತ ಸಾಕು. ನಮ್ಮ ಕಾಸರಗೋಡಿನಲ್ಲಿ ಹಾಗಲ್ಲ. ಮನೆಯವರು ತುಳು, ಹುಡುಗನ ಗೆಳೆಯರು ಮಲಯಾಳ, ಶಾಲೆಯ ಟೀಚರುಗಳು ಕನ್ನಡ, ನೆರೆಮನೆಯವರು ಕೊಂಕಣಿ ಅಥವಾ ಬ್ಯಾರಿ, ಮುಳ್ಳೇರಿಯಾ ಕಡೆಗೆ ಹೋದರೆ ಮರಾಟಿಯೂ ಸೇರುತ್ತದೆ. ಮಕ್ಕಳಿಗೆ ಹಿಂದಿ, ತಮಿಳು. ಇದೆಲ್ಲ ಒಂದೇ ಅಂಗಳದಲ್ಲಿ, ಒಂದೇ ರಾತ್ರಿ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಭಾಷೆಗೊಂದು ಫೋಲ್ಡರ್ ಮಾಡಿ ಇಡುತ್ತಾರೆ. ನಾನೂ ಮಾಡಿದ್ದೆ. ಹುಡುಕಲಿಕ್ಕೆ ಅದರಿಂದ ಉಪಯೋಗ ಇದೆ, ನುಡಿಸಲಿಕ್ಕೆ ಇಲ್ಲ. ಕಾರ್ಯಕ್ರಮದ ನಡುವೆ ‘ಈಗ ಮಲಯಾಳ ಹಾಕುವ’ ಅಂತ ಯಾರೂ ಯೋಚಿಸುವುದಿಲ್ಲ. ‘ಊಟ ಮುಗಿಯಿತು, ಹೆಂಗಸರು ಏಳಬೇಕಾ ಬೇಡವಾ ಅಂತ ನೋಡ್ತಾ ಇದ್ದಾರೆ, ಅವರನ್ನು ಏಳಿಸುವ ಹಾಡು ಯಾವುದು’ ಅಂತ ಯೋಚಿಸುತ್ತೇವೆ. ಅಲ್ವಾ? ಹಾಗಿದ್ದರೆ ಫೋಲ್ಡರೂ ಹಾಗೇ ಇರಬೇಕು.

ನನ್ನ ಗುರುತುಗಳು ಇವು: ಊಟ, ಏಳಿಸು, ಹೆಂಗಸರು, ಮಕ್ಕಳು, ಹುಡುಗರು, ಉಸಿರು, ಕೊನೆ. ‘ಉಸಿರು’ ಅಂದರೆ ಇಪ್ಪತ್ತು ನಿಮಿಷ ಎಗರಾಡಿದ ಮೇಲೆ ಜನ ಅಲ್ಲೇ ನಿಂತು ದಣಿವಾರಿಸಿಕೊಳ್ಳಲಿಕ್ಕೆ ಬೇಕಾದ ಹಾಡು. ಕೂರಿಸಬಾರದು, ಕುಣಿಸಲೂ ಬಾರದು. ಚಪ್ಪಾಳೆ ತಟ್ಟಿಕೊಂಡು ಜೊತೆಗೆ ಹಾಡುವ ಹಾಗೆ ಇರಬೇಕು. ಇಂಥ ಹಾಡು ಸಿಗುವುದು ಬಹಳ ಕಷ್ಟ. ನನ್ನ ಹತ್ತಿರ ಎಲ್ಲಕ್ಕಿಂತ ಬೆಲೆಬಾಳುವ ಪಟ್ಟಿ ಅದೇ. ಗುರುತು ಹಾಕಲಿಕ್ಕೆ ಡಿಜೆ ಸಾಫ್ಟ್‌ವೇರುಗಳಲ್ಲಿ ಜಾಗ ಉಂಟು. ರೆಕಾರ್ಡ್‌ಬಾಕ್ಸ್‌ನಲ್ಲಿ ‘ಮೈ ಟ್ಯಾಗ್’ ಅಂತ ಇದೆ, ಸೆರಾಟೊದಲ್ಲಿ ‘ಕ್ರೇಟ್’ ಇದೆ, ನಿಮಗೆ ಬೇಕಾದ್ದರಲ್ಲಿ ಮಾಡಿ. ಆದರೆ ಅದೇ ಗುರುತನ್ನು ಫೈಲಿನ ಕಾಮೆಂಟ್ ಕಾಲಮ್ಮಿನಲ್ಲೂ ಬರೆದಿಡಿ. ನಾಳೆ ಸಾಫ್ಟ್‌ವೇರ್ ಬದಲಿಸಿದರೂ ಅದು ಹಾಡಿನ ಜೊತೆಗೇ ಬರುತ್ತದೆ.

ಇನ್ನು ಹೆಸರು. ಇದು ನಮ್ಮ ಊರಿನದ್ದೇ ಸಮಸ್ಯೆ. ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ. ಮಲಯಾಳ ಓದಿದವರು ‘ತ’ಕ್ಕೆ ಟಿ ಎಚ್ ಹಾಕುತ್ತಾರೆ. ಕನ್ನಡದವರಲ್ಲಿ ಕೆಲವರು ಬರೀ ಟಿ ಹಾಕುತ್ತಾರೆ. ‘ಮಾತು’ ಅನ್ನುವ ಎರಡು ಅಕ್ಷರವನ್ನೇ ನಾಲ್ಕು ಬಗೆಯಲ್ಲಿ ಬರೆಯಬಹುದು. ಮಲಯಾಳದಲ್ಲಿ ಮಳೆಗೆ ಹೇಳುವ ಮಾತಿನಲ್ಲಿ ಒಂದು ೞ ಬರುತ್ತದೆ, ಅದಕ್ಕೆ ಝಡ್ ಎಚ್ ಹಾಕುವವರೂ ಇದ್ದಾರೆ, ಎಲ್ ಹಾಕುವವರೂ ಇದ್ದಾರೆ. ತುಳುವಿನಲ್ಲಿ ಮಾತಿನ ಕೊನೆಗೆ ಬರುವ ಅರ್ಧ ಉಕಾರವನ್ನು ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ನನ್ನ ನಿಯಮ ಸರಳ. ‘ತ’ಕ್ಕೆ ಯಾವಾಗಲೂ ಟಿ ಎಚ್. ದೀರ್ಘಕ್ಕೆ ಅಕ್ಷರ ಎರಡು ಸಲ ಇಲ್ಲ. ಲ, ಳ ಎರಡಕ್ಕೂ ಒಂದೇ ಎಲ್. ಮಲಯಾಳದ ೞ ಬಂದರೆ ಝಡ್ ಎಚ್. ತುಳುವಿನ ಕೊನೆಯ ಉಕಾರಕ್ಕೆ ಯು ಇರಲೇಬೇಕು. ನಿಮ್ಮ ನಿಯಮ ಬೇರೆ ಇರಬಹುದು, ತೊಂದರೆ ಇಲ್ಲ. ಅದು ಒಂದೇ ಇರಬೇಕು, ಒಂದು ಹಾಡನ್ನೂ ಬಿಡದೆ ಪಾಲಿಸಬೇಕು. ಹೆಸರನ್ನು ಕನ್ನಡ ಲಿಪಿಯಲ್ಲೇ ಇಡುವ ಆಸೆ ನನಗೂ ಉಂಟು. ಆದರೆ ಕೆಲವು ಪ್ಲೇಯರುಗಳ ಪರದೆಯಲ್ಲಿ ನಮ್ಮ ಲಿಪಿ ಸರಿಯಾಗಿ ಮೂಡುವುದಿಲ್ಲ. ಕತ್ತಲಲ್ಲಿ ಬರೀ ಚೌಕಗಳನ್ನು ನೋಡಿಕೊಂಡು ಹಾಡು ಹುಡುಕಲಿಕ್ಕೆ ಆಗುವುದಿಲ್ಲ.

ಅಜ್ಜಿಯಿಂದ ಕಲಿತದ್ದು ಇನ್ನೊಂದು. ಜನರಿಗೆ ಹಾಡಿನ ಹೆಸರು ನೆನಪಿರುವುದಿಲ್ಲ, ಪಲ್ಲವಿಯ ಒಂದು ಸಾಲು ನೆನಪಿರುತ್ತದೆ. ಹಾಗಾಗಿ ಕಾಮೆಂಟಿನಲ್ಲಿ ಪಲ್ಲವಿಯ ಮೊದಲ ಮೂರು ನಾಲ್ಕು ಪದ ಬರೆಯಿರಿ. ಸಿನಿಮಾ ಹಾಡಾದರೆ ಸಿನಿಮಾದ ಹೆಸರು, ವರ್ಷ. ಒಂದು ಹಾಡಿಗೆ ಒಂದು ನಿಮಿಷ ಸಾಕು. ದಿನಕ್ಕೆ 40 ಹಾಡು ಮಾಡಿದರೆ ಆಟಿ ಮುಗಿಯುವಾಗ ಸಾವಿರ ದಾಟುತ್ತದೆ. ಆರು ಸಾವಿರ ಹಾಡು ಇದ್ದರೂ ಒಂದು ಸೀಸನ್ನಿನಲ್ಲಿ ನಾವು ನುಡಿಸುವುದು ಆ ಸಾವಿರದ ಒಳಗೇ.

ಬಿಪಿಎಮ್, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವ ಲೆಕ್ಕದ ವಿಷಯದಲ್ಲಿ ಸಾಫ್ಟ್‌ವೇರನ್ನು ಪೂರ್ತಿ ನಂಬಬೇಡಿ. 75ರ ಹಾಡನ್ನು ಅದು 150 ಅಂತ ತೋರಿಸಬಹುದು, 150ನ್ನು 75 ಅಂತಲೂ ತೋರಿಸಬಹುದು. ಹಳೆಯ ಸಿನಿಮಾ ಹಾಡುಗಳಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಅವರ ಲಯ ಹಾಡಿನ ಜೊತೆಗೆ ಸ್ವಲ್ಪ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಸಾಫ್ಟ್‌ವೇರ್ ಪೆಟ್ಟು ಗುರುತಿಸಲಿಕ್ಕೆ ಎಳೆದ ಗೆರೆಗಳು ಎರಡನೇ ಚರಣಕ್ಕೆ ಬರುವಾಗ ತಾಳದಿಂದ ಜಾರಿರುತ್ತವೆ. ಬೇಳ, ಮಂಜೇಶ್ವರ ಕಡೆಯ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಗೆ ಮುಂಚೆ ನಡೆಯುವ ರೋಸ್ ಕಾರ್ಯಕ್ರಮಕ್ಕೆ ಹೋದರೆ ಬೈಲಾ ಕುಣಿತದ ಹಾಡು ಬೇಕೇ ಬೇಕು. ಅದು ಆರರ ನಡೆ. ಸಾಫ್ಟ್‌ವೇರ್ ಅದನ್ನು ನಾಲ್ಕರ ಲೆಕ್ಕದಲ್ಲಿ ಹಿಡಿಯುತ್ತದೆ. ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತಿದಿರೋ, ಎರಡು ಹಾಡೂ ಕೆಡುತ್ತವೆ. ಇಂಥ ಕಡೆ ಮಿಕ್ಸ್ ಮಾಡುವ ಹಟ ಬೇಡ. ಸಾಲು ಮುಗಿಯುವ ಜಾಗದಲ್ಲಿ ಎಕೋ ಕೊಟ್ಟು ಬಿಡಿ, ಮುಂದಿನ ಹಾಡನ್ನು ಅದರ ಪಲ್ಲವಿಯಿಂದಲೇ ಎತ್ತಿಕೊಳ್ಳಿ. ಜನರಿಗೆ ಅದು ಚೆಂದವೇ. ಇದಕ್ಕೆ ಬೇಕಾದ್ದು ಪ್ರತಿ ಹಾಡಿಗೂ ಮನೆಯಲ್ಲೇ ಇಟ್ಟ ಕ್ಯೂ ಗುರುತು: ಶುರು, ಪಲ್ಲವಿ, ನಡುವಿನ ಬಿಟ್, ಹೊರಗೆ ಬರುವ ಜಾಗ.

ಫೈಲಿನ ಗುಣಮಟ್ಟ. ವಾಟ್ಸಾಪಿನಲ್ಲಿ ಬಂದ ಹಾಡು ಫೋನಿನಲ್ಲಿ ಚೆನ್ನಾಗೇ ಕೇಳುತ್ತದೆ. ದೊಡ್ಡ ಟಾಪ್ ಸ್ಪೀಕರಿಗೆ ಹಾಕಿದರೆ ತಾಳದ, ಜಾಲ್ರದ ಸದ್ದು ನೀರೊಳಗಿಂದ ಬಂದ ಹಾಗೆ ಇರುತ್ತದೆ. 128 ಕೆಬಿಪಿಎಸ್‌ನ ಫೈಲನ್ನು 320ಕ್ಕೆ ಬದಲಿಸಿದರೆ ಸೈಜು ದೊಡ್ಡದಾಗುತ್ತದೆ ಅಷ್ಟೇ, ಕಳೆದುಹೋದದ್ದು ವಾಪಸ್ ಬರುವುದಿಲ್ಲ. 320ರಲ್ಲಿ ಐದು ನಿಮಿಷದ ಹಾಡಿಗೆ ಸುಮಾರು 12 ಎಂಬಿ ಬೇಕು. 128 ಜಿಬಿಯ ಪೆನ್‌ಡ್ರೈವಿನಲ್ಲಿ ಹತ್ತು ಸಾವಿರ ಹಾಡು ಹಿಡಿಯುತ್ತದೆ. ಜಾಗ ಉಳಿಸಲಿಕ್ಕೆ ಹೋಗಬೇಡಿ. ಸಿನಿಮಾ ಹಾಡು ದುಡ್ಡು ಕೊಟ್ಟರೆ ಸಿಗುತ್ತದೆ. ತುಳು, ಬ್ಯಾರಿ ಆಲ್ಬಮ್ಮುಗಳಲ್ಲಿ ಎಷ್ಟೋ ಕ್ಯಾಸೆಟ್ಟಿನಲ್ಲೇ ಉಳಿದುಬಿಟ್ಟಿವೆ. ಹಾಡಿದವರಿಗೋ ಮಾಡಿದವರಿಗೋ ಫೋನ್ ಮಾಡಿ ಕೇಳಿ. ನಾನು ಕೇಳಿದಾಗೆಲ್ಲ ಬಹಳ ಖುಷಿಯಿಂದ ಕೊಟ್ಟಿದ್ದಾರೆ. ಅವರ ಹೆಸರನ್ನು ಕಾರ್ಯಕ್ರಮದಲ್ಲಿ ಮೈಕಿನಲ್ಲಿ ಹೇಳುತ್ತೇನೆ.

ಈಗ ಸಾಮಾನು. ಯಾವ ಕಂಟ್ರೋಲರ್ ತೆಗೆಯಬೇಕು ಅನ್ನುವುದಕ್ಕೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಎರಡು ಚಾನೆಲ್ಲಿನದು ಸಾಕು. ಪಯೋನಿಯರಿನ ಡಿಡಿಜೆ ಎಫ್‌ಎಲ್‌ಎಕ್ಸ್ 4 ತರದ್ದಾದರೆ ರೆಕಾರ್ಡ್‌ಬಾಕ್ಸಿಗೂ ಸೆರಾಟೊಕ್ಕೂ ಆಗುತ್ತದೆ. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, ಫೇಡರ್ ಕರಕರ ಅನ್ನುತ್ತದಾ ನೋಡಿಕೊಳ್ಳಿ. ಟೆಕ್ನಿಕ್ಸ್ ಎಸ್‌ಎಲ್ 1200 ಎಂಬ ಟರ್ನ್‌ಟೇಬಲ್ ಬಂದದ್ದು 1972ರಲ್ಲಿ. ಇವತ್ತಿಗೂ ಅದರಲ್ಲಿ ಕೆಲಸ ಮಾಡುವವರು ಇದ್ದಾರೆ. ವರ್ಷಕ್ಕೊಂದು ಮಾಡೆಲ್ ಬದಲಿಸುವ ಅಗತ್ಯ ಯಾರಿಗೂ ಇಲ್ಲ.

ದುಡ್ಡು ಮೊದಲು ಹೋಗಬೇಕಾದ್ದು ಕಿವಿ ಮುಚ್ಚುವ ಒಳ್ಳೆಯ ಹೆಡ್‌ಫೋನಿಗೆ, ಕೇಬಲ್ಲಿಗೆ, ಎರಡನೇ ಪೆನ್‌ಡ್ರೈವಿಗೆ. ಎರಡರಲ್ಲೂ ಅವೇ ಹಾಡು, ಅವೇ ಪಟ್ಟಿ. ಒಂದು ಬ್ಯಾಗಿನಲ್ಲಿ, ಒಂದು ಕಿಸೆಯಲ್ಲಿ. ಪೆನ್‌ಡ್ರೈವನ್ನು ಫ್ಯಾಟ್ 32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್‌ನಲ್ಲಿ ಇಟ್ಟರೆ ಆಡಿಟೋರಿಯಂನಲ್ಲಿರುವ ಪ್ಲೇಯರ್ ಅದನ್ನು ಓದದೆ ಇರಬಹುದು. ಎಕ್ಸ್‌ಫ್ಯಾಟ್ ಹೊಸ ಪ್ಲೇಯರುಗಳಿಗೆ ಮಾತ್ರ ಗೊತ್ತು.

ಸೌಂಡ್ಸಿನವರಿಗೂ ನಮಗೂ ಜಗಳ ಆಗುವುದು ಕೆಂಪು ಲೈಟಿನ ಕಾರಣಕ್ಕೆ. ಮೀಟರಿನಲ್ಲಿ ಹಸಿರು ತುಂಬಿ, ಹಳದಿ ಆಗಾಗ ಹತ್ತಿದರೆ ಸಾಕು. ಕೆಂಪು ಹತ್ತಿತು ಅಂದರೆ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗುತ್ತಿದೆ ಅಂತ ಅರ್ಥ. ಹಾಗೆ ಕತ್ತರಿಸಿದ ಅಲೆ ಆಂಪ್ಲಿಫೈಯರ್ ದಾಟಿ ಹೋದಾಗ ಟಾಪಿನ ಡ್ರೈವರ್ ಬಿಸಿಯಾಗಿ ಸುಡುತ್ತದೆ. ನೀವು ಏರಿಸಿದಷ್ಟೂ ಅವರು ಅತ್ತ ಇಳಿಸುತ್ತಾರೆ, ಕೊನೆಗೆ ಕೇಳುವುದು ಒಡೆದ ಸದ್ದು. ಸದ್ದು ಸಾಲದಿದ್ದರೆ ಅವರ ಹತ್ತಿರ ಹೋಗಿ ಅಣ್ಣಾ ಸ್ವಲ್ಪ ಏರಿಸಿ ಅಂತ ಕೇಳಿ. ಹಾಗೆಯೇ, ನಮ್ಮ ಕಡೆಯ ಎಷ್ಟೋ ಸೆಟ್ಟುಗಳು ಮೋನೋ, ಅಂದರೆ ಎಡ ಬಲ ಅಂತ ಬೇರೆ ಬೇರೆ ಇಲ್ಲ. ಎಡಗಡೆಯ ಪಿನ್ನು ಒಂದನ್ನೇ ಹಾಕಿದರೆ ಬಲಗಡೆಯ ಸದ್ದು ಪೂರ್ತಿ ಹೋಗುತ್ತದೆ. ಹಳೆಯ ಸ್ಟೀರಿಯೋ ಹಾಡುಗಳಲ್ಲಿ ಒಂದು ಇಡೀ ವಾದ್ಯವೇ ಕಾಣೆಯಾಗಬಹುದು. ಔಟ್‌ಪುಟ್ಟನ್ನು ಮೋನೋಗೆ ತಿರುಗಿಸಿ ಕೊಡಿ.

ಗುಂಯ್ ಅಂತ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಎಳೆದು ನೋಡಿ. ನಿಂತಿತಾ? ಹಾಗಾದರೆ ಅದು ಅರ್ತಿನ ಸುತ್ತು, ಇಂಗ್ಲಿಷಿನಲ್ಲಿ ಗ್ರೌಂಡ್ ಲೂಪ್. ಎಲ್ಲವನ್ನೂ ಒಂದೇ ಬೋರ್ಡಿನಿಂದ ತೆಗೆಯಿರಿ, ಇಲ್ಲವಾದರೆ ನಡುವೆ ಆ ಸುತ್ತನ್ನು ಕಡಿಯುವ ಡಿಐ ಬಾಕ್ಸ್ ಹಾಕಿ. ಆದರೆ ದಯವಿಟ್ಟು, ಕೈ ಮುಗಿದು ಹೇಳುತ್ತೇನೆ, ಅರ್ತ್ ಪಿನ್ನು ಮುರಿಯಬೇಡಿ. ಮಳೆಗೆ ನೆನೆದ ಅಂಗಳ, ಕಬ್ಬಿಣದ ಕಂಬದ ಚಪ್ಪರ, ಬರಿಗಾಲಿನ ಮಕ್ಕಳು. ಆ ಪಿನ್ನು ಇರುವುದು ಜೀವ ಉಳಿಸಲಿಕ್ಕೆ.

ಕರೆಂಟ್ ಹೋಗಿ ಜನರೇಟರ್ ಹತ್ತುವ ಹೊತ್ತಿನಲ್ಲಿ ಲ್ಯಾಪ್‌ಟಾಪೂ ಅದರಿಂದ ನಡೆಯುವ ಕಂಟ್ರೋಲರೂ ಬದುಕಿರುತ್ತವೆ, ಆಂಪ್ ಸತ್ತಿರುತ್ತದೆ. ಕರೆಂಟ್ ಹೋದ ಕೂಡಲೇ ಮಾಸ್ಟರನ್ನು ಸೊನ್ನೆಗೆ ಇಳಿಸಿ. ಆಂಪ್ ವಾಪಸ್ ಬಂದ ಮೇಲೆ ನಿಧಾನಕ್ಕೆ ಏರಿಸಿ. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಸ್ಪೀಕರುಗಳು ಧಡ್ ಅಂತ ಪೆಟ್ಟು ತಿನ್ನುವುದು ತಪ್ಪುತ್ತದೆ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಸಿಲಿಕಾ ಜೆಲ್ ಇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲವನ್ನೂ ಆನ್ ಮಾಡಿ ಬಿಸಿ ಮಾಡಿ. ಕಡಲಿನ ಗಾಳಿ ನಮ್ಮ ಪಿನ್ನುಗಳನ್ನು ತಿನ್ನುತ್ತದೆ.

ಕಿವಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಹೋದರೆ ಕಾಲು ಗಂಟೆ ಮಾತ್ರ. ಇಯರ್‌ಪ್ಲಗ್ ತೆಗೆದುಕೊಳ್ಳಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ಕಾನೂನು ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಜಾಗಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರ್ ಇನ್ನೂ ಬಿಗಿ. ಹಾಗಾಗಿ ಬುಕ್ಕಿಂಗ್ ಆಗುವಾಗಲೇ ಮನೆಯವರಿಗೆ ಹೇಳಿ, ಸಂಜೆ ಬೇಗ ಶುರು ಮಾಡುವ ಅಂತ. ಸ್ಪೀಕರನ್ನು ಕುಣಿಯುವವರ ಹತ್ತಿರಕ್ಕೆ ತನ್ನಿ, ರಸ್ತೆಗೆ ಬೆನ್ನು ಮಾಡಿ ಇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹತ್ತಿರ ಇಟ್ಟರೆ ಕಡಿಮೆ ಸದ್ದೇ ಸಾಕು. ಮಸೀದಿಯ ಬಾಂಗ್ ಕೇಳಿದಾಗ ನಿಲ್ಲಿಸುವುದು, ಹತ್ತಿರದ ದೈವಸ್ಥಾನದಲ್ಲಿ ಕೋಲ ಇದ್ದರೆ ಇಳಿಸುವುದು ಯಾವ ನಿಯಮದಲ್ಲೂ ಬರೆದಿರಬೇಕಾಗಿಲ್ಲ. ನಮ್ಮ ಊರು ನಡೆದುಕೊಂಡು ಬಂದದ್ದೇ ಹಾಗೆ.

ಮದುವೆಗೆ ಹಾಡಿನ ಲೈಸೆನ್ಸ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆ, ಮದುವೆಯ ದಿಬ್ಬಣ, ಅದಕ್ಕೆ ಸೇರಿದ ಸಮಾರಂಭಗಳಿಗೆ ವಿನಾಯಿತಿ ಇದೆ. ರೆಸಾರ್ಟಿನ ಹೊಸ ವರ್ಷದ ಪಾರ್ಟಿಗೆ ಅದು ಇಲ್ಲ. ಅಲ್ಲಿ ಹಾಡಿನ ಹಕ್ಕು ನೋಡಿಕೊಳ್ಳುವ ಸಂಸ್ಥೆಗಳಾದ ಪಿಪಿಎಲ್, ಐಪಿಆರ್‌ಎಸ್ ಲೈಸೆನ್ಸ್ ತೆಗೆದಿದ್ದಾರಾ ಅಂತ ನಡೆಸುವವರನ್ನು ಮೊದಲೇ ಕೇಳಿ.

ಇಡೀ ರಾತ್ರಿಯನ್ನು ಹೇಗೆ ಕಟ್ಟುವುದು ಅನ್ನುವುದನ್ನು ನನಗೆ ಕಲಿಸಿದ್ದು ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ನಮ್ಮದು. ಹುಡುಗನಾಗಿದ್ದಾಗ ಆಟಕ್ಕೆ ಮೈಕಿನ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಬೆಳಗಿನವರೆಗೆ ಭಾಗವತರ ಹಿಂದೆ ಕೂರುತ್ತಿದ್ದೆ. ಅವರ ಕಣ್ಣು ಯಾವಾಗಲೂ ರಂಗದ ಮೇಲೆ. ಶುರುವಿಗೆ ಅವಸರ ಇಲ್ಲ. ವೇಷಧಾರಿ ದಣಿದದ್ದು ಕಂಡರೆ ಪದ ನಿಧಾನ. ಜನ ತೂಕಡಿಸುವ ಹೊತ್ತಿಗೆ ಹಾಸ್ಯ. ಬೆಳಗಿನ ಜಾವಕ್ಕೆ ಚೆಂಡೆ ಏರುತ್ತದೆ. ನಾವೋ, ಎಂಟು ಗಂಟೆಗೆ ಎಲ್ಲ ಹಿಟ್ ಹಾಡು ಸುರಿದು ಒಂಬತ್ತಕ್ಕೆ ಖಾಲಿ ಆಗುತ್ತೇವೆ. ಒಂದು ಸಲ ಆಟಕ್ಕೆ ಹೋಗಿ ಭಾಗವತರನ್ನು ಮಾತ್ರ ನೋಡಿ ಬನ್ನಿ ಮಾರಾಯ್ರೆ.

ಹೆಸರು ಮಾಡುವ ವಿಷಯ. ನಮ್ಮ ಕಡೆ ಬುಕ್ಕಿಂಗ್ ತರುವುದು ಚಪ್ಪರದವರು, ಅಡುಗೆಯವರು, ಫೋಟೋದವರು. ಮನೆಯವರು ಮೊದಲು ಅವರನ್ನೇ ಕೇಳುತ್ತಾರೆ, ಒಳ್ಳೆಯ ಡಿಜೆ ಯಾರಾದರೂ ಇದ್ದಾರಾ ಅಂತ. ಹೊತ್ತಿಗೆ ಸರಿಯಾಗಿ ಹೋಗಿ, ಅವರಿಗೆ ದಾರಿ ಬಿಟ್ಟು, ಕೆಲಸ ಮುಗಿದ ಮೇಲೆ ಒಂದು ಮಾತಾಡಿ ಬನ್ನಿ. ಆಮೇಲೆ ಇನ್‌ಸ್ಟಾಗ್ರಾಮ್. ಪೇಜಿನಲ್ಲಿ ಊರಿನ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇರಲಿ, ಜನ ಮೂರರಲ್ಲೂ ಹುಡುಕುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಹೆಸರು ಸೇರಿಸಿ. ಅರ್ಧ ನಿಮಿಷದ ವಿಡಿಯೋ ಸಾಕು. ಅದರಲ್ಲಿ ನಿಮ್ಮ ಮುಖಕ್ಕಿಂತ ಕುಣಿಯುವವರ ಕಾಲು, ಮೇಲೆದ್ದ ಕೈ ಕಾಣಲಿ. ಸದ್ದನ್ನು ಫೋನಿನ ಮೈಕಿನಲ್ಲಿ ಹಿಡಿಯಬೇಡಿ, ಬೇಸ್ ಸದ್ದಿಗೆ ಅದು ಒಡೆದುಹೋಗುತ್ತದೆ. ಕಂಟ್ರೋಲರಿನಿಂದ ರೆಕಾರ್ಡ್ ಮಾಡಿ ಜೋಡಿಸಿ.

ಆದರೆ ಮನೆಯವರನ್ನು ಕೇಳದೆ ಒಂದು ವಿಡಿಯೋವನ್ನೂ ಹಾಕಬಾರದು. ಮದರಂಗಿಯಲ್ಲಿ ಹೆಂಗಸರು ನಮ್ಮನ್ನು ನಂಬಿ ಕುಣಿಯುತ್ತಾರೆ. ಕೆಲವು ಮನೆಗಳಲ್ಲಿ ಹೆಂಗಸರ ಕಾರ್ಯಕ್ರಮವೇ ಬೇರೆ ಇರುತ್ತದೆ. ಅಲ್ಲಿ ಫೋನ್ ಕಿಸೆಯಿಂದ ಹೊರಗೆ ಬರಲೇಬಾರದು. ಇಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ಮಾತು: ಅಂಥ ಮನೆಗಳು ಹೆಣ್ಣು ಡಿಜೆಯನ್ನು ಹುಡುಕುತ್ತಾ ಇವೆ, ಸಿಗುತ್ತಿಲ್ಲ.

ರೇಟು ಒಪ್ಪಿದ ದಿನವೇ ವಾಟ್ಸಾಪಿನಲ್ಲಿ ಬರೆದು ಕಳಿಸಿ: ದಿನ, ಜಾಗ, ಶುರು, ಮುಗಿತಾಯ, ಸೌಂಡ್ಸ್ ಯಾರದ್ದು, ಅಡ್ವಾನ್ಸ್ ಎಷ್ಟು, ಹೆಚ್ಚು ಹೊತ್ತಾದರೆ ಎಷ್ಟು. ಅವರು ಸರಿ ಅಂತ ಉತ್ತರ ಹಾಕಲಿ. ಇನ್ನೊಬ್ಬನ ಬುಕ್ಕಿಂಗ್ ಎಳೆಯಲಿಕ್ಕೆ ರೇಟು ಇಳಿಸಬೇಡಿ. ಮುಂದಿನ ಸೀಸನ್ನಿನಲ್ಲಿ ಅದೇ ನಿಮ್ಮ ರೇಟಾಗಿ ಉಳಿಯುತ್ತದೆ.

ಕೊನೆಗೆ ಒಬ್ಬ ಹುಡುಗ ಕೇಳಿದ: ‘ಅಣ್ಣಾ, ಕೇಳಿದ ಹಾಡು ನಮ್ಮ ಹತ್ತಿರ ಇಲ್ಲವೇ ಇಲ್ಲ ಅಂತಾದರೆ?’

ಇಲ್ಲ ಅಂತ ನೇರವಾಗಿ ಹೇಳು. ಅದೇ ತರದ್ದು ಇನ್ನೊಂದು ಹಾಕಲಾ ಅಂತ ಕೇಳು. ಅಷ್ಟು ಮಾಡಿ, ಆ ಸಾಲನ್ನು ಬರೆದುಕೋ. ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಪುಸ್ತಕ ಇದೆ. ಯಾವ ಮನೆ, ಯಾರು ಕೇಳಿದ್ದು, ಯಾವ ಸಾಲು. ಹೋದ ಸೀಸನ್ನಿನಲ್ಲಿ 41 ಬರೆದಿದ್ದೆ. 33 ಸಿಕ್ಕಿವೆ. ಉಳಿದ ಎಂಟರಲ್ಲಿ ಮೂರು ಕ್ಯಾಸೆಟ್ಟಿನ ಕಾಲದ ತುಳು ಹಾಡುಗಳು, ಎರಡು ಕೊಂಕಣಿ, ಎರಡು ಬ್ಯಾರಿ. ಇನ್ನೊಂದು ಯಾವ ಭಾಷೆ ಅಂತಲೇ ಕೇಳಿದವರಿಗೂ ಗೊತ್ತಿರಲಿಲ್ಲ, ರಾಗ ಮಾತ್ರ ಗುನುಗಿದರು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೇನೆ. ಈಗ ನುಡಿಸುತ್ತೇನೆ. ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.